ಅಗ್ಗಕ್ಕೆ ಸಿಗೋ ಹಳೇ ಮಿಲಿಟರಿ ರೈಫಲ್ಲು: ಅಮೆರಿಕದಲ್ಲಿರೋ ನಮ್ಮ ಹುಡುಗರು ಇದನ್ನ ಓದ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಹಾಸನ ಜಿಲ್ಲೆಯವನು, ಅಮೆರಿಕದ ಒಹಾಯೊ ರಾಜ್ಯಕ್ಕೆ ಬಂದು ಇಪ್ಪತ್ತೈದು ವರ್ಷ ದಾಟಿದೆ, ಇವತ್ತಿಗೂ ಬೆಳಿಗ್ಗೆ ಕಾಫಿ ಜೊತೆ ನಿಮ್ಮ ಪೇಪರ್ ಮೊಬೈಲಲ್ಲಿ ಓದದೇ ದಿನ ಶುರುವಾಗಲ್ಲ. ಇಲ್ಲಿರೋ ನಮ್ಮ ಹುಡುಗರೂ ಓದ್ತಾರೆ, ಅವರ ಅಪ್ಪ ಅಮ್ಮಂದಿರು ಊರಲ್ಲಿ ಕೂತು ಓದ್ತಾರೆ, ಅದಕ್ಕೇ ಈ ಪತ್ರ ನಿಮಗೆ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಹಾಕಿ.

ಮೊನ್ನೆ ಶುಕ್ರವಾರ ರಾತ್ರಿ ನಮ್ಮ ಕಡೆ ಹುಡುಗ ಒಬ್ಬ, ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದಾನೆ, ಬಂದು ಇನ್ನೂ ಎರಡು ವರ್ಷ ಆಗಿಲ್ಲ, ವಾಟ್ಸಾಪಲ್ಲಿ ಒಂದು ಫೋಟೊ ಕಳ್ಸಿ ‘ಅಣ್ಣಾ, ನಮ್ಮ ಆಫೀಸಲ್ಲಿ ಒಬ್ರು ರಷ್ಯಾದ ಹಳೇ ಮಿಲಿಟರಿ ರೈಫಲ್ ಕೊಡ್ತಾರಂತೆ, ಇನ್ನೂರೈವತ್ತು ಡಾಲರ್, ಪೇಪರ್ ಗೀಪರ್ ಏನೂ ಬೇಡ್ವಂತೆ, ತಗೊಳ್ಳಾ?’ ಅಂತ ಕೇಳ್ದ. ನನ್ನನ್ನ ಯಾಕೆ ಕೇಳ್ದ ಅಂದ್ರೆ ನನ್ನ ಹತ್ರ ಇಂಥವು ಮೂರು ಇವೆ, ಶೂಟಿಂಗ್ ರೇಂಜಿಗೆ ಹೋಗ್ತೀನಿ ಅನ್ನೋದು ಇಲ್ಲಿನ ಕನ್ನಡದವರಿಗೆಲ್ಲ ಗೊತ್ತು. ಈ ವರ್ಷದಲ್ಲಿ ಹೀಗೆ ಕೇಳ್ದವರಲ್ಲಿ ಇವನು ಮೂರನೇಯವನು. ನಾನು ಫೋನ್ ಮಾಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ, ನಿಂದು ಯಾವ ವೀಸಾನಪ್ಪಾ ಅಂತ. ಎಚ್-1ಬಿ ಅಣ್ಣಾ ಅಂದ. ಹಾಗಾದ್ರೆ ಅದನ್ನ ಕೈಯಲ್ಲೂ ಮುಟ್ಟಬೇಡ ಅಂದೆ.

ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ, ಅದಕ್ಕೆ ಇದನ್ನೇ ಮೊದಲು ಹೇಳ್ಬಿಡ್ತೀನಿ. ಅಮೆರಿಕ ಅಂದ್ರೆ ಬಂದೂಕು ಸಂತೇಲಿ ಸೊಪ್ಪು ಸಿಕ್ಕ ಹಾಗೆ ಸಿಗುತ್ತೆ ಅಂತ ಊರಲ್ಲಿ ಮಾತು, ಇಲ್ಲಿಗೆ ಬಂದಿರೋ ಹುಡುಗರೂ ಹಾಗೇ ನಂಬಿದಾರೆ. ಆದ್ರೆ ಎಚ್-1ಬಿ, ಎಚ್-4, ಎಲ್-1, ಸ್ಟೂಡೆಂಟ್ ವೀಸಾ ಎಫ್-1, ಹೀಗೆ ತಾತ್ಕಾಲಿಕ ವೀಸಾದ ಮೇಲೆ ಇರೋರು ಬಂದೂಕಾಗ್ಲಿ ಬರೀ ತೋಟೆ ಆಗ್ಲಿ ಹತ್ರ ಇಟ್ಕೊಳ್ಳೋ ಹಾಗಿಲ್ಲ ಅಂತ 1998ರಿಂದ ಇಡೀ ದೇಶಕ್ಕೆ ಫೆಡರಲ್ ಕಾನೂನೇ ಇದೆ. ಒಂದೇ ಒಂದು ಮುಖ್ಯ ವಿನಾಯಿತಿ ಅಂದ್ರೆ ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಕೈಯಲ್ಲಿರ್ಬೇಕು, ಅದನ್ನ ನಂಬ್ಕೊಂಡು ಹೋಗೋ ಮುಂಚೆಯೂ ಒಬ್ಬ ಇಮಿಗ್ರೇಶನ್ ಲಾಯರ್‌ನ ಕೇಳೋದು ವಾಸಿ, ಯಾಕಂದ್ರೆ ಲೈಸೆನ್ಸ್ ತಾರೀಕು ಮುಗಿದ ದಿನಕ್ಕೆ ವಿನಾಯಿತಿನೂ ಮುಗೀತು, ರೈಫಲ್ ಮಾತ್ರ ಮನೇಲೇ ಇರುತ್ತೆ. ಸ್ವಂತಕ್ಕೆ ತಗೊಂಡ್ರೆ ಮಾತ್ರ ಅಲ್ಲ, ಸ್ನೇಹಿತರ ಜೊತೆ ರೇಂಜಿಗೆ ಹೋಗಿ ಬಾಡಿಗೆ ಗನ್ ಎತ್ತಿ ನಾಲ್ಕು ಗುಂಡು ಹೊಡೆದು ಫೋಟೊ ಹಾಕಿದ್ರೂ ಅದು ಇಟ್ಕೊಂಡ ಲೆಕ್ಕಕ್ಕೇ ಬರುತ್ತೆ. ಸಿಕ್ಕಿಬಿದ್ರೆ ಜೈಲು, ಆಮೇಲೆ ಗಡೀಪಾರು, ಗ್ರೀನ್ ಕಾರ್ಡ್ ಅನ್ನೋದು ಕನಸಾಗೋಗುತ್ತೆ.

ಅಂಗಡೀಲಿ ತಗೊಂಡ್ರೆ 4473 ಅಂತ ಒಂದು ಫಾರ್ಮ್ ತುಂಬಿಸ್ತಾರೆ, ಅದರಲ್ಲಿ ನೀನು ತಾತ್ಕಾಲಿಕ ವೀಸಾದವನಾ ಅಂತ ಪ್ರಶ್ನೆನೇ ಇದೆ, ಆಮೇಲೆ ಫೋನಲ್ಲೋ ಕಂಪ್ಯೂಟರಲ್ಲೋ ಬ್ಯಾಕ್‌ಗ್ರೌಂಡ್ ಚೆಕ್ ಮಾಡ್ತಾರೆ. ಆದ್ರೆ ಅಕ್ಕಪಕ್ಕದೋರು, ಆಫೀಸಿನೋರು ತಮ್ಮ ಸ್ವಂತದ್ದನ್ನ ಅದೇ ರಾಜ್ಯದವನಿಗೆ ಮಾರಿದ್ರೆ ಒಹಾಯೊ ಥರದ ರಾಜ್ಯಗಳಲ್ಲಿ ಆ ಫಾರ್ಮೂ ಇಲ್ಲ ಚೆಕ್ಕೂ ಇಲ್ಲ. ನಮ್ಮ ಹುಡುಗರು ಬೀಳೋದು ಇಲ್ಲೇ. ಫಾರ್ಮ್ ಕೇಳಲಿಲ್ಲ ಅಂದ್ರೆ ಕಾನೂನು ಒಪ್ತು ಅಂತ ಅರ್ಥ ಅಲ್ಲ ಮಾರಾಯ್ರೆ, ಮಾರೋನಿಗೆ ನಿಮ್ಮ ವೀಸಾ ಗೊತ್ತಿರಲ್ಲ ಅಷ್ಟೆ, ತಪ್ಪು ಪೂರ್ತಿ ನಿಮ್ಮ ತಲೆ ಮೇಲೇ. ಗ್ರೀನ್ ಕಾರ್ಡ್ ಬಂದವರು, ಸಿಟಿಜನ್ ಆದವರು ಕಾನೂನು ಪ್ರಕಾರ ತಗೋಬಹುದು, ಇನ್ಮುಂದೆ ನಾನು ಬರೆಯೋದು ಅವರಿಗೆ.

ಈ ರೈಫಲ್‌ಗಳು ಅಗ್ಗಕ್ಕೆ ಹೇಗೆ ಬಂದ್ವು ಅಂದ್ರೆ, ಒಂದು ದೇಶದ ಸೈನ್ಯ ಹೊಸ ಆಯುಧಕ್ಕೆ ಬದಲಾದಾಗ ಹಳೇವು ಲಕ್ಷಗಟ್ಟಲೆ ಗೋಡೌನಲ್ಲಿ ಉಳ್ಕೊಳ್ತವೆ, ಕೆಲವು ದೇಶಗಳು ಕರಗಿಸ್ತವೆ, ಕೆಲವು ಮಾರಿಬಿಡ್ತವೆ, ಅಮೆರಿಕದ ಆಮದುದಾರರು ಪೆಟ್ಟಿಗೆ ಪೆಟ್ಟಿಗೆನೇ ತರಿಸ್ತಾರೆ. ರಷ್ಯಾದ ಮೊಸಿನ್-ನಾಗಾಂತ್ ಅನ್ನೋ ರೈಫಲ್ 1891ರ ಡಿಸೈನು, ಮೂರುವರೆ ಕೋಟಿಗೂ ಹೆಚ್ಚು ಮಾಡಿದಾರೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಸರ್ಕಾರ ಅವನ್ನೆಲ್ಲ ರಿಪೇರಿ ಮಾಡಿ, ಮರಕ್ಕೆ ಅರಗಿನ ಪಾಲಿಶ್ ಹೊಡೆದು, ಗ್ರೀಸ್ ಮೆತ್ತಿ ಮಡಗಿತ್ತು. ಸೋವಿಯತ್ ಒಡೆದು ಹೋದ ಮೇಲೆ ಅವು ಇಲ್ಲಿಗೆ ಹರಿದು ಬಂದ್ವು. ನಾನು 2009ರಲ್ಲಿ ತಗೊಂಡಾಗ ನೂರು ಡಾಲರ್‌ಗಿಂತ ಕಮ್ಮಿ, ಒಂದು ಜೊತೆ ಒಳ್ಳೇ ಶೂ ರೇಟು. ಇವತ್ತು ಅದಕ್ಕೇ ನಾಲ್ಕು ಪಟ್ಟು ಕೇಳ್ತಾರೆ, ಯಾಕಂದ್ರೆ ಬರೋದು ನಿಂತಿದೆ, 2021ರಿಂದ ರಷ್ಯಾದ ತೋಟೆಗಳಿಗೂ ಹೊಸ ಪರ್ಮಿಟ್ ಕೊಡ್ತಿಲ್ಲ. ಹಾಗಾಗಿ ಇನ್ನೂರೈವತ್ತಕ್ಕೆ ಯಾರಾದ್ರೂ ಕೊಡ್ತೀನಿ ಅಂದ್ರೆ ಮೊದಲು ಅದಕ್ಕೆ ಏನಾಗಿದೆ ಅಂತ ನೋಡ್ಬೇಕು.

ಅಗ್ಗದ ಮಿಲಿಟರಿ ರೈಫಲ್ಲು ಅಂದ್ರೆ ಇಲ್ಲಿನ ಹಳಬರಿಗೆ ಇನ್ನೊಂದು ನೆನಪೂ ಇದೆ. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನ ಕೊಂದಿದ್ದು ಇಟಲಿ ಸೈನ್ಯದ ಹಳೇ ಕಾರ್ಕಾನೊ ರೈಫಲ್ಲಿಂದ, ಕೊಲೆ ಮಾಡ್ದ ಓಸ್ವಾಲ್ಡ್ ಅನ್ನೋನು ಅದನ್ನ ಶಿಕಾಗೊದ ಅಂಗಡಿಯಿಂದ ಸುಳ್ಳು ಹೆಸರಲ್ಲಿ ಪೋಸ್ಟಲ್ಲಿ ತರಿಸ್ಕೊಂಡಿದ್ದ, ದುರ್ಬೀನು ಸಮೇತ 19 ಡಾಲರ್ 95 ಸೆಂಟು. ಆಗ ಹೀಗೆ ಕೂಪನ್ ತುಂಬಿ ದುಡ್ಡು ಕಳ್ಸಿದ್ರೆ ಮನೆ ಬಾಗಿಲಿಗೇ ಬರ್ತಿತ್ತು. ಆ ಮೇಲೆ ವಾದ ವಿವಾದ ಆಗಿ, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಇಬ್ರೂ ಹತ್ಯೆ ಆದ ಮೇಲೆ ಗನ್ ಕಂಟ್ರೋಲ್ ಆಕ್ಟ್ ಬಂತು, ಪೋಸ್ಟಲ್ಲಿ ತರಿಸೋದು ನಿಂತೋಯ್ತು, ಮಿಲಿಟರಿ ಹಳೇ ಮಾಲು ಹೊರಗಡೆಯಿಂದ ಬರೋದೂ ಹೆಚ್ಚುಕಮ್ಮಿ ಬಂದ್ ಆಯ್ತು. 1984ರಲ್ಲಿ ಮತ್ತೆ ಕಾನೂನು ಸಡಿಲ ಆಗಿ, ಪುರಾತನ ಅಂತ ಗುರುತಿಸಿರೋ ಮಿಲಿಟರಿ ರೈಫಲ್ ತರಿಸ್ಬಹುದು ಅಂತಾಯ್ತು. ಇಂಥ ಹಳೇ ರೈಫಲ್‌ಗಳು ಮತ್ತೆ ಬರೋಕೆ ಶುರುವಾಗಿದ್ದು ಆ ಬಾಗಿಲು ತೆರೆದ ಮೇಲೇ, ಹಾಗಾಗಿ ಈ ಹಿಂದಿನ ಕಥೆ ತಿಳ್ಕೊಳ್ಳದೇ ಬರೀ ರೇಟ್ ಕೇಳೋದು ನಂಗೆ ಸರಿ ಅನ್ಸಲ್ಲ.

ನಂಗೆ ಇದರ ಹುಚ್ಚು ಎಲ್ಲಿಂದ ಅಂದ್ರೆ ಹಾಸನದ ಕಾಲೇಜಿನ ಎನ್‌ಸಿಸಿ ಗ್ರೌಂಡಿಂದ. ಭಾನುವಾರ ಬೆಳಿಗ್ಗೆ ಪೆರೇಡು, ಆಮೇಲೆ ಉಪ್ಪಿಟ್ಟೋ ಬನ್ನೋ ಕೊಡ್ತಿದ್ರು. ನಮ್ಮ ಕೈಗೆ ಕೊಡ್ತಿದ್ದಿದ್ದು .303 ಅನ್ನೋ ಬ್ರಿಟಿಷರ ಕಾಲದ ಮಾದರಿ ರೈಫಲ್, ಎಲ್ಲರ ಬಾಯಲ್ಲೂ ತ್ರೀ ನಾಟ್ ತ್ರೀ. ಹದಿನೇಳು ವರ್ಷದ ಹುಡುಗರಿಗೆ ಅದನ್ನ ಹೆಗಲಿಗೆ ಇಟ್ಕೊಂಡು ಅರ್ಧ ಗಂಟೆ ನಿಂತ್ರೆ ಭುಜ ಬಿದ್ದು ಹೋಗೋದು, ಪೆರೇಡ್ ಕಲಿಸೋ ಉಸ್ತಾದ್ ಬಂದು ‘ತೂಕ ಎಷ್ಟು’ ಅಂದ್ರೆ ‘8 ಪೌಂಡ್ 10 ಔನ್ಸ್ ಸಾರ್’ ಅಂತ ಕಿರುಚಬೇಕು, ‘ಮ್ಯಾಗಜೀನಲ್ಲಿ ತೋಟೆ ಎಷ್ಟು’ ಅಂದ್ರೆ ‘10 ಸಾರ್’. ಅದರ ಹಿಂಬದಿ ಹಿತ್ತಾಳೆ ತಗಡಲ್ಲಿ ಒಂದು ಪುಟ್ಟ ಬಾಗ್ಲು ಇರುತ್ತೆ, ಉಗುರಲ್ಲಿ ಒತ್ತಿ ತೆಗೆದ್ರೆ ಒಳಗಡೆ ಗೂಡು, ಆ ಗೂಡಲ್ಲಿ ಎಣ್ಣೆ ಬಾಟ್ಲಿ, ಅದರ ಮೇಲೆ ಸುತ್ತಿಟ್ಟಿರೋ ಪುಲ್‌ಥ್ರೂ ಹಗ್ಗ. ಹಗ್ಗದ ತುದಿಗೆ ಚಿಂದಿ ಸಿಕ್ಕಿಸಿ ನಳಿಗೆ ಒಳಗೆ ಎಳೆದು, ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡಿದ್ರೆ ಒಳಗಿನ ಗೀರು ಸುರುಳಿ ಸುತ್ಕೊಂಡು ಹೋಗೋದು ಕಾಣುತ್ತೆ. ಆ ಸುರುಳಿ ನಾನು ಇವತ್ತಿಗೂ ಮರೆತಿಲ್ಲ.

ಇಲ್ಲಿಗೆ ಬಂದು ಸುಮಾರು ಹತ್ತು ಹನ್ನೆರಡು ವರ್ಷ ಆದ ಮೇಲೆ, ಗ್ರೀನ್ ಕಾರ್ಡ್ ಕೈಗೆ ಬಂದಿತ್ತು, ಒಂದು ಸಣ್ಣ ಊರಿನ ಅಂಗಡೀಲಿ ಹಿಂದ್ಗಡೆ ಗೋಡೆಗೆ ಒರಗಿಸಿಟ್ಟಿದ್ದ ಹಳೇ ರೈಫಲ್‌ಗಳ ಸಾಲಲ್ಲಿ ಅದೇ ಮೊಂಡು ಮೂತಿ ಕಾಣಿಸ್ತು. ಎತ್ಕೊಂಡು ಬೋಲ್ಟ್ (ತೋಟೆನ ಒಳಗೆ ತಳ್ಳಿ ಹಿಂದಿನಿಂದ ಮುಚ್ಚೋ ಅಗುಳಿ) ಹಿಡಿ ಕೆಳಗಿನ ಲೋಹದ ಪಟ್ಟಿ ನೋಡ್ತೀನಿ, ಅಶೋಕ ಸ್ತಂಭದ ಸಿಂಹ, ಅದರ ಕೆಳಗೆ ಆರ್.ಎಫ್.ಐ., 1967. ಸಂಪಾದಕರೇ, ಪರದೇಶದಲ್ಲಿ, ಮೀನಿನ ಗಾಳ ಜಿಂಕೆ ತಲೆ ತೂಗುಹಾಕಿರೋ ಅಂಗಡೀಲಿ, ನಮ್ಮ ನೋಟಿನ ಮೇಲಿರೋ ಸಿಂಹ ಕಂಡಾಗ ಏನಾಗುತ್ತೆ ಅಂತ ಹೇಳೋಕೆ ನಂಗೆ ಮಾತು ಸಾಲ್ದು. ಆರ್.ಎಫ್.ಐ. ಅಂದ್ರೆ ರೈಫಲ್ ಫ್ಯಾಕ್ಟರಿ ಇಶಾಪುರ, ಕಲ್ಕತ್ತಾ ಹತ್ರ ಹೂಗ್ಲಿ ದಂಡೇಲಿರೋ ಕಾರ್ಖಾನೆ, ಬ್ರಿಟಿಷರು ಶುರುಮಾಡಿದ್ದು, ಎರಡೂ ಮಹಾಯುದ್ಧಕ್ಕೆ .303 ಮಾಡಿ ಕೊಟ್ಟಿದ್ದು. ಬ್ರಿಟಿಷರ ಕಾಲದವಕ್ಕೆ ಕಿರೀಟದ ಗುರುತು, ಜಿ.ಆರ್.ಐ. ಅಂತ ರಾಜನ ಹೆಸರಿನ ಅಕ್ಷರ, ಸ್ವಾತಂತ್ರ್ಯ ಬಂದ ಮೇಲೆ ಆ ಜಾಗಕ್ಕೆ ಸಿಂಹ ಬಂತು. ಒಂದು ಕಬ್ಬಿಣದ ತುಂಡಿನ ಮೇಲೆ ದೇಶ ಕೈಬದಲಾಗಿದ್ದು ಹೀಗೆ ಕಾಣುತ್ತೆ.

ನಾನು ಅವತ್ತು ತಗೊಂಡಿದ್ದು 2ಎ1 ಅನ್ನೋ ಮಾಡೆಲ್ಲು. 1962ರ ಚೀನಾ ಯುದ್ಧದ ಪೆಟ್ಟು ತಿಂದ ಮೇಲೆ ಅವಸರದಲ್ಲಿ ಹುಟ್ಟಿದ ರೈಫಲ್ ಇದು, ಹಳೇ .303ಯ ಮೈಕಟ್ಟೇ, ಆದ್ರೆ ಹೊಸ 7.62 ನೇಟೊ ತೋಟೆಗೆ ಅಂತ ಮಾಡಿದ್ದು, ಹತ್ತರ ಬದಲು ಹನ್ನೆರಡು ಹಿಡಿಯೋ ಮ್ಯಾಗಜೀನು. ಇಲ್ಲಿ ಎಷ್ಟೋ ಜನ ಇದು ಹಳೇ .303ಗೆ ಹೊಸ ನಳಿಗೆ ಹಾಕಿದ್ದು ಅಂತ ತಿಳ್ಕೊಂಡಿದಾರೆ, ತಪ್ಪು, ಇದನ್ನ ಇನ್ನೂ ಗಟ್ಟಿ ಉಕ್ಕಲ್ಲಿ ಹೊಸದಾಗೇ ಮಾಡಿದ್ದು, ನಾನು ರೇಂಜಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಹೇಳ್ತೀನಿ, ನಮ್ಮವರ ಕೆಲಸ ಅದು. ಅಂಗಡೀಲಿ ಸಿಗೋ .308 ಬೇಟೆ ತೋಟೆ ಇದರೊಳಗೆ ಕೂರುತ್ತೆ ನಿಜ, ಆದ್ರೆ ನಾನು 7.62 ನೇಟೊ ಅಂತ ಬರೆದಿರೋದನ್ನ ಬಿಟ್ಟು ಬೇರೆ ಹಾಕಲ್ಲ, ಐವತ್ತು ಅರವತ್ತು ವರ್ಷದ ಕಬ್ಬಿಣಕ್ಕೆ ಅಷ್ಟು ಮರ್ಯಾದೆ ಕೊಡ್ಬೇಕು.

ಊರಲ್ಲಿ ಇದನ್ನ ಓದೋರಿಗೆ ಒಂದು ಆಶ್ಚರ್ಯ ಅನ್ಸಬಹುದು, ನಮ್ಮ ದೇಶದಲ್ಲೇ ಮಾಡಿದ .303 ನಮ್ಮ ದೇಶದಲ್ಲಿ ಸಾಮಾನ್ಯ ಜನ ಇಟ್ಕೊಳ್ಳೋ ಹಾಗಿಲ್ಲ, ಅದು ಪ್ರೊಹಿಬಿಟೆಡ್ ಬೋರ್, ಅಂದ್ರೆ ನಿಷೇಧಿತ ಅಳತೆ. ಮಲ್ನಾಡಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋರ ಮನೇಲಿ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿ ಇರುತ್ತೆ, ರೈಫಲ್ ಬೇಕು ಅಂದ್ರೆ .315, ಅದೂ ಇದೇ .303ಯ ಬೋಲ್ಟ್ ಮೇಲೆ ಮಾಡಿದ್ದೇ, ಸೈನ್ಯದ ತೋಟೆ ಜನರ ಕೈಗೆ ಸಿಗಬಾರ್ದು ಅಂತ ಬ್ರಿಟಿಷರ ಕಾಲದಿಂದ ಬೇರೆ ಅಳತೆ. ಪೊಲೀಸರು ಮಾತ್ರ ಬಹಳ ಕಾಲ .303 ಹಿಡ್ಕೊಂಡೇ ಇದ್ರು. 2008ರ ನವೆಂಬರ್ 26ರ ರಾತ್ರಿ ಮುಂಬೈ ಸಿಎಸ್‌ಟಿ ಸ್ಟೇಷನ್‌ನಲ್ಲಿ ಎಕೆ-47 ಎದುರು ನಮ್ಮ ರೈಲ್ವೆ ಪೊಲೀಸರ ಕೈಲಿದ್ದಿದ್ದು ಅದೇ. ಉತ್ತರ ಪ್ರದೇಶ ಪೊಲೀಸರು 2020ರ ಗಣರಾಜ್ಯೋತ್ಸವ ಪೆರೇಡಲ್ಲಿ ಅದಕ್ಕೆ ಬೀಳ್ಕೊಡುಗೆ ಕೊಟ್ರು. ನಂಗೆ ಆ ಪೆರೇಡ್ ಸುದ್ದಿ ಓದಿ ಕಣ್ಣು ತುಂಬಿ ಬಂತು, ಮುಂಬೈ ರಾತ್ರಿ ನೆನೆಸ್ಕೊಂಡ್ರೆ ಇನ್ನೂ ಮುಂಚೆನೇ ಕಳ್ಸಬೇಕಿತ್ತು ಅಂತಾನೂ ಅನ್ಸುತ್ತೆ.

ಈಗ ನಂಗೆ ಆದ ಒಂದು ಅನಾಹುತ ಹೇಳ್ತೀನಿ, ಈ ಪತ್ರದಲ್ಲಿ ಬೇರೇನು ಮರೆತ್ರೂ ಇದನ್ನ ಮರೀಬೇಡಿ. 2ಎ1 ತಗೊಂಡ ಎರಡು ವರ್ಷಕ್ಕೆ ಒಬ್ಬ ವ್ಯಾಪಾರಿ ಹತ್ರ 1945ರ ಇಶಾಪುರ .303 ಸಿಕ್ತು, ನಾನು ಎನ್‌ಸಿಸೀಲಿ ಹಿಡಿದಿದ್ದ ಥರದ್ದೇ. ಮರ ಚೆನ್ನಾಗಿತ್ತು, ನಳಿಗೆ ಒಳಗೆ ಫಳಫಳ, ರೇಟೂ ಕಮ್ಮಿ. ಆತ ‘ಎಲ್ಲಾ ಚೆಕ್ ಮಾಡಿದೀನಿ, ತಗೊಂಡೋಗಿ ಹೊಡೀರಿ’ ಅಂದ. ಬೋಲ್ಟ್ ಹಿಡಿ ಹಿಂದ್ಗಡೆ ಕೊರೆದಿರೋ ನಂಬರೂ ರೈಫಲ್ ಮೈಮೇಲಿನ ನಂಬರೂ ಬೇರೆ ಬೇರೆ ಇತ್ತು, ನಾನು ನೋಡಿದೆ, ನೋಡಿಯೂ ಸುಮ್ನಾದೆ, ಪ್ರಾಯದ ನೆನಪು ಕೈಗೆ ಬಂದ ಖುಷೀಲಿ. ರೇಂಜಲ್ಲಿ ಮೊದಲ ಆರು ಏಳು ಗುಂಡು ಸರಿ ಹೋಯ್ತು. ಆಮೇಲಿನದ್ದು ಹೊಡೆದಾಗ ಮುಖಕ್ಕೆ ಬಿಸಿ ಗಾಳಿ ರಪ್ ಅಂತ ಹೊಡೀತು, ಕನ್ನಡಕದ ಮೇಲೆ ಕಪ್ಪು ಚುಕ್ಕೆ ಚುಕ್ಕೆ. ಬೋಲ್ಟ್ ಎಳೆದ್ರೆ ತೋಟೆಯ ಬುಡ ಮಾತ್ರ, ಒಂದು ಬೆರಳಿನಷ್ಟು, ಈಚೆ ಬಂತು, ಮಿಕ್ಕ ಮುಂಭಾಗ ನಳಿಗೆಯೊಳಗೇ ಕಚ್ಕೊಂಡು ಕೂತಿದೆ. ಕಣ್ಣಿಗೆ ಶೂಟಿಂಗ್ ಗ್ಲಾಸ್ ಇತ್ತು ಅಂತ ನಾನು ಇವತ್ತು ಈ ಪತ್ರ ಬರೀತಿದೀನಿ.

ಆಮೇಲೆ ಹಿಂದೆ ಹೊಡೆದಿದ್ದ ಖಾಲಿ ಹಿತ್ತಾಳೆಗಳನ್ನೆಲ್ಲ ಆಯ್ದು ಬಿಸಿಲಿಗೆ ಹಿಡಿದು ನೋಡಿದ್ರೆ ಪ್ರತಿಯೊಂದರ ಬುಡದಿಂದ ಸ್ವಲ್ಪ ಮೇಲೆ ಒಂದು ಹೊಳೆಯೋ ಉಂಗುರ, ಬೆಳ್ಳಿ ದಾರ ಸುತ್ತಿದ ಹಾಗೆ. ಹಿತ್ತಾಳೆ ಅಲ್ಲಿ ಹಿಗ್ಗಿ ತೆಳ್ಳಗಾಗಿದೆ, ಹರಿಯೋಕೆ ರೆಡಿ ಅಂತ ಅದು ಕೂಗಿ ಹೇಳ್ತಾ ಇತ್ತು, ನಂಗೆ ಓದೋಕೆ ಬರ್ತಿರ್ಲಿಲ್ಲ. ಬೋಲ್ಟ್ ಮುಖಕ್ಕೂ ತೋಟೆ ಕೂರೋ ಜಾಗಕ್ಕೂ ಮಧ್ಯ ಇರ್ಬೇಕಾದ ಅಳತೆಗೆ ಹೆಡ್‌ಸ್ಪೇಸ್ ಅಂತಾರೆ, ಒಂದು ರೈಫಲ್ ಬೋಲ್ಟ್ ಇನ್ನೊಂದಕ್ಕೆ ಹಾಕಿದ್ರೆ ಆ ಸಂದು ಕೂದಲೆಳೆ ಹೆಚ್ಚಾದ್ರೂ ಹೀಗಾಗುತ್ತೆ. ಅದನ್ನ ನೋಡೋಕೆ ಗೇಜ್ ಸಿಗುತ್ತೆ, ನಾಣ್ಯದ ಥರ ಸಣ್ಣ ಉಕ್ಕಿನ ಬಿಲ್ಲೆ, ಬೆಲೆ ಏನೂ ಜಾಸ್ತಿ ಇಲ್ಲ, ನೋ-ಗೋ ಅನ್ನೋದನ್ನ ಹಾಕಿದಾಗ ಬೋಲ್ಟ್ ಮುಚ್ಚಬಾರ್ದು. ನಂದು ಬೆಣ್ಣೆ ಥರ ಮುಚ್ಕೊಳ್ತು. ಆ ವ್ಯಾಪಾರಿಗೆ ಫೋನ್ ಮಾಡಿದ್ರೆ ಹಳೇ ಮಾಲಿಗೆ ಗ್ಯಾರಂಟಿ ಇಲ್ಲ ಅಂತ ಇಟ್ಬಿಟ್ಟ. ಹೀಗೆ ಜೀವ ಹೋಗೋ ವಸ್ತುನ ಚೆಕ್ ಮಾಡಿದೀನಿ ಅಂತ ಬಾಯಲ್ಲಿ ಹೇಳಿ ಮಾರೋದು ಮೋಸನೇ, ಅದರ ಬಗ್ಗೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಬಂದೂಕು ರಿಪೇರಿ ಮಾಡೋ ಒಬ್ಬ ಗನ್‌ಸ್ಮಿತ್ ಹತ್ರ ಕೊಟ್ಟು ಸರಿಯಾದ ಬೋಲ್ಟ್ ಕೂರಿಸೋಕೆ ರೈಫಲ್ ಕೊಟ್ಟ ದುಡ್ಡಿಗಿಂತ ಹೆಚ್ಚು ಖರ್ಚಾಯ್ತು.

ಇನ್ನೊಂದು, ಡಿ.ಪಿ. ಅಂತ ಒತ್ತಿರೋ ರೈಫಲ್. ಡ್ರಿಲ್ ಪರ್ಪಸ್, ಬರೀ ಕವಾಯತಿಗೆ. ಎನ್‌ಸಿಸೀಲಿ ನಮ್ಮ ಹೆಗಲ ಮೇಲಿದ್ದಿದ್ದು ಇವೇ, ಮರದ ಮೇಲೆ ಬಣ್ಣದ ಪಟ್ಟಿ ಬಳಿದಿರ್ತಾರೆ, ಉಸ್ತಾದ್ ಮೊದಲನೇ ದಿನಾನೇ ಹೇಳಿದ್ರು, ಇದರಲ್ಲಿ ಯಾವತ್ತೂ ಗುಂಡು ಹಾಕೋ ಹಾಗಿಲ್ಲ, ಸವೆದು ಬೇಡ ಅಂತ ತೆಗೆದಿಟ್ಟಿರೋದು ಅಂತ. ಅಂಥವೂ ಇಲ್ಲಿಗೆ ಬಂದಿವೆ. ಒಂದು ಗನ್ ಶೋನಲ್ಲಿ, ಅಂದ್ರೆ ಬಂದೂಕು ಮಾರೋ ಮೇಳದಲ್ಲಿ, ಟೇಬಲ್ ಮೇಲೆ ಮಲಗಿಸಿದ್ದ ಒಂದರ ಮರನ ಉಜ್ಜಿ ಹೊಸ ಪಾಲಿಶ್ ಹೊಡೆದಿದ್ರು, ಆದ್ರೆ ಉಕ್ಕಿನ ಮೇಲೆ ಡಿ ಮತ್ತು ಪಿ ಹಾಗೇ ಇತ್ತು, ಬೆರಳಿಟ್ರೆ ಸಿಗ್ತಿತ್ತು. ತಗೊಳ್ಳೋಕೆ ಮುಂಚೆ ಟಾರ್ಚ್ ಹಾಕಿ ಆ ಎರಡು ಅಕ್ಷರ ಹುಡುಕಿ. ಗೋಡೆ ಮೇಲೆ ಇಡೋಕಾದ್ರೆ ಡಿ.ಪಿ. ರೈಫಲ್ಲು ಬಂಗಾರ, ಹೊಡೆಯೋಕಾದ್ರೆ ಯಮ.

ತುಕ್ಕಿನ ಮಾತು ಬೇಗ ಮುಗಿಸ್ತೀನಿ. ರಷ್ಯಾದ ರೈಫಲ್‌ಗೆ ಮೆತ್ತಿರೋ ಕಾಸ್ಮೊಲಿನ್ ಅನ್ನೋ ಗ್ರೀಸು ಹಲಸಿನ ಮೇಣ ಇದ್ದ ಹಾಗೆ, ಕೈಗೆ ಹತ್ತಿದ್ರೆ ಬಿಡಲ್ಲ, ಮರದ ಭಾಗನ ಕಪ್ಪು ಕಸದ ಕವರಲ್ಲಿ ಸುತ್ತಿ ಬೇಸಿಗೆ ಬಿಸಿಲಲ್ಲಿ ಇಟ್ರೆ ತಾನಾಗೇ ಬೆವರಿ ಇಳಿಯುತ್ತೆ, ಕಬ್ಬಿಣಕ್ಕೆ ಕುದಿಯೋ ನೀರು. ಇನ್ನು ತಗಡಿನ ಡಬ್ಬೀಲಿ 440 ತೋಟೆ ತುಂಬಿ ಸೀಲ್ ಮಾಡಿದ್ದ ಹಳೇ ಸೋವಿಯತ್ ಮಾಲು ಬಳಸಿದ್ರೆ ಅದೇ ದಿನ ತೊಳೀಬೇಕು. ಆ ತೋಟೆಯ ಪ್ರೈಮರ್, ಅಂದ್ರೆ ಬುಡದಲ್ಲಿರೋ ಕಿಡಿ ಮದ್ದು, ಉರಿದ ಮೇಲೆ ನಳಿಗೇಲಿ ಉಪ್ಪು ಉಳಿಯುತ್ತೆ, ಅಡಿಗೆ ಉಪ್ಪಿನ ದಾಯಾದಿನೇ ಅದು, ಗಾಳೀಲಿರೋ ತೇವ ಹೀರ್ಕೊಂಡು ಉಪ್ಪಿನಕಾಯಿ ಜಾಡಿಯ ಕಬ್ಬಿಣದ ಮುಚ್ಚಳಕ್ಕೆ ಆಗೋ ಗತಿನೇ ನಳಿಗೆಗೂ ಆಗುತ್ತೆ. ಎಣ್ಣೆ ಹಾಕಿದ್ರೆ ಉಪ್ಪು ಹೋಗಲ್ಲ, ಬಿಸಿ ನೀರು ಹುಯ್ದು, ಒಣಗಿಸಿ, ಆಮೇಲೆ ಎಣ್ಣೆ. ನಾನು ಮೊದಲನೇ ಸಲ ಭಾನುವಾರ ಮಾಡೋಣ ಅಂತ ಬಿಟ್ಟು, ಮುಂದಿನ ಶನಿವಾರ ನೋಡಿದ್ರೆ ನಳಿಗೆ ಒಳಗೆ ಕೆಂಪು ಹೂವು ಅರಳಿತ್ತು. 1942ರಲ್ಲಿ ಸ್ಟಾಲಿನ್‌ಗ್ರಾಡ್ ಯುದ್ಧ ನಡೀತಿದ್ದಾಗ ಇಝೆವ್ಸ್ಕ್‌ನಲ್ಲಿ ಮಾಡಿದ ರೈಫಲ್ಲು, ಅರವತ್ತೇಳು ವರ್ಷ ಯಾರ್ಯಾರೋ ಕಾಪಾಡಿ ಇಟ್ಟಿದ್ದನ್ನ ನಾನು ಒಂದು ವಾರದಲ್ಲಿ ಕೆಡಿಸ್ದೆ.

ಹೌದು, ಯಾರ್ಯಾರೋ ಕಾಪಾಡಿದ್ದು. ಸ್ವಿಟ್ಜರ್ಲೆಂಡ್‌ನ ಕೆ31 ಅನ್ನೋ ರೈಫಲ್‌ನ ಹಿಂಬದಿ ತಗಡಿನ ಎರಡು ಸ್ಕ್ರೂ ಬಿಚ್ಚಿದ್ರೆ ಎಷ್ಟೋ ಸಲ ಒಳಗಡೆ ಒಂದು ಚೀಟಿ ಸಿಗುತ್ತೆ, ಅದನ್ನ ಹೊತ್ತಿದ್ದ ಸೈನಿಕನ ಹೆಸರು ಊರು ಬರೆದಿರೋದು. ಇಲ್ಲಿ ಕೆಲವರು ಆ ವಿಳಾಸಕ್ಕೆ ಪತ್ರ ಬರೆದು ಉತ್ತರನೂ ಪಡೆದಿದಾರೆ. ನಮ್ಮ ಇಶಾಪುರದ್ದರಲ್ಲಿ ಅಂಥ ಚೀಟಿ ಇಲ್ಲ. ನನ್ನ 1967ರದ್ದು ಯಾವ ಜವಾನನ ಹೆಗಲ ಮೇಲಿತ್ತೋ, ಅವನ ಊರು ಯಾವುದೋ. ಮರದ ಮೇಲೆ ಗಲ್ಲ ಇಡೋ ಜಾಗ ಮಾತ್ರ ಸವೆದು ನುಣ್ಣಗಾಗಿದೆ.

ಕಾನೂನು ಪ್ರಕಾರ ಸಂಗ್ರಹ ಮಾಡ್ಬೇಕು ಅನ್ನೋರಿಗೆ ಇಲ್ಲಿ ಕ್ಯೂರಿಯೊ ಅಂಡ್ ರೆಲಿಕ್ ಅಂತ ಒಂದು ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್ ಫೀಸು, ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಇರೋ ಬಂದೂಕು ನೇರವಾಗಿ ನಿಮ್ಮ ಹೆಸರಿಗೆ ತರಿಸ್ಬಹುದು. ಬಂದಿದ್ದು ಹೋಗಿದ್ದು ಎಲ್ಲಾ ಒಂದು ರಿಜಿಸ್ಟರಲ್ಲಿ ಬರೆದಿಡ್ಬೇಕು, ಅಧಿಕಾರಿಗಳು ಕೇಳಿದ್ರೆ ತೋರಿಸ್ಬೇಕು, ಇದನ್ನ ಇಟ್ಕೊಂಡು ವ್ಯಾಪಾರ ಮಾಡೋ ಹಾಗಿಲ್ಲ. ನನ್ನ 2ಎ1ಗೆ 2017ರಲ್ಲಿ ಐವತ್ತು ತುಂಬ್ತು. ಸಿಟಿಜನ್ ಆದವರಿಗೆ ಸಿಎಂಪಿ ಅನ್ನೋ ಸಂಸ್ಥೆ ಮೂಲಕ ಅಮೆರಿಕ ಸೈನ್ಯದ್ದೇ ಹಳೇ ಗ್ಯಾರಂಡ್ ರೈಫಲ್ ಸಿಗುತ್ತೆ, ಪರೀಕ್ಷೆ ಮಾಡಿ ಗ್ರೇಡ್ ಹಾಕಿ ಕೊಡ್ತಾರೆ, ಅಗ್ಗ ಅಲ್ಲ, ಆದ್ರೆ ಹೊಸಬರು ಗನ್ ಶೋ ಟೇಬಲ್ ಮುಂದೆ ನಿಲ್ಲೋ ಬದಲು ಅಲ್ಲಿಗೆ ಹೋಗಿ ಅಂತೀನಿ. ಅವರ ಪಂದ್ಯ ನಡೆಯೋದು ನಮ್ಮ ಒಹಾಯೊದಲ್ಲೇ, ಈರಿ ಸರೋವರದ ದಂಡೆ ಕ್ಯಾಂಪ್ ಪೆರಿಯಲ್ಲಿ, 1907ರಿಂದ. ಹಳೇ ಮಿಲಿಟರಿ ರೈಫಲ್‌ಗಳಿಗೇ ಅಂತ ಒಂದು ಪಂದ್ಯ ಇದೆ, ಎಪ್ಪತ್ತು ದಾಟಿದ ಅಜ್ಜಂದಿರು ಹುಲ್ಲಿನ ಮೇಲೆ ಬೋರಲು ಮಲಗಿ ಹೊಡೀತಾರೆ, ಹೊಸಬರ ಕೈ ಹಿಡಿದು ಕಲಿಸ್ತಾರೆ. ನಾನು ಇಶಾಪುರ ಹಿಡ್ಕೊಂಡು ಹೋಗ್ತೀನಿ, ಸಿಂಹ ತೋರಿಸು ಅಂತ ಬಂದು ಕೇಳ್ತಾರೆ.

ಮನೇಲಿ ಇಡೋದರ ಬಗ್ಗೆ. ಕಾಲೇಜಲ್ಲಿ ನನ್ನ ಜೊತೆಗಾರ ಒಬ್ಬ ಕೊಡಗಿನವನು, ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಹಬ್ಬಕ್ಕೆ ಅವನ ಮನೆಗೆ ಹೋಗಿದ್ದೆ. ಕೋವಿನ ತೊಳೆದು, ಎಣ್ಣೆ ಹಾಕಿ, ದೀಪದ ಮುಂದೆ ಇಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿದ್ರು, ಕೆಂಪು ಹಳದಿ ಬೆಂಕಿ ಥರದ ಹೂವು. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, 2029ರ ತನಕ ಕೇಂದ್ರ ಸರ್ಕಾರ ಮುಂದುವರಿಸಿದೆ. ಆದ್ರೂ ಆ ಮನೇಲಿ ಅವನ ಅಜ್ಜ ಅಪ್ಪಣೆ ಕೊಡೋ ತನಕ ಯಾವ ಹುಡುಗನೂ ಅದನ್ನ ಮುಟ್ಟಲಿಲ್ಲ. ಕಾನೂನು ಸಡಿಲ ಇದ್ದ ಕಡೆ ಮನೆ ಶಿಸ್ತು ಅಷ್ಟು ಬಿಗಿ ಇತ್ತು. ನಾನು ಇಲ್ಲಿ ಉಕ್ಕಿನ ಬೀರುವಲ್ಲಿ ಬೀಗ ಹಾಕಿ ಇಡ್ತೀನಿ, ಬೋಲ್ಟ್ ಬೇರೆ ಕಡೆ, ತೋಟೆ ಇನ್ನೊಂದು ಕಡೆ, ಬೀಗದ ಕೈ ನನ್ನ ಹತ್ರ ಮತ್ತು ನನ್ನ ಹೆಂಡತಿ ಹತ್ರ ಮಾತ್ರ. ಅಮೆರಿಕದಲ್ಲಿ ಬಂದೂಕಿಂದ ಸಾಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಜೀವ ತಾವೇ ತಕ್ಕೊಂಡೋರು. ಕೆಲಸ ಹೋಗಿ, ಮನೆ ಸಾಲ, ಊರಲ್ಲಿ ಹೇಳೋಕಾಗ್ದೆ ಒಬ್ಬನೇ ಕೂತಿರೋ ರಾತ್ರಿಗಳು ನಮ್ಮವರಿಗೂ ಬರ್ತವೆ, ನಂಗೂ 2009ರಲ್ಲಿ ಬಂದಿತ್ತು. ಅಂಥ ಟೈಮಲ್ಲಿ ಮನೇಲಿ ಬಂದೂಕು ಇರ್ಬಾರ್ದು, ಸ್ನೇಹಿತನ ಬೀರುವಿಗೆ ಕಾನೂನು ಪ್ರಕಾರ ಕೊಟ್ಬಿಡಿ, ಫೋನ್ ಎತ್ತಿ ಯಾರ ಜೊತೆನಾದ್ರೂ ಮಾತಾಡಿ, ಇಲ್ಲಿ 988 ನಂಬರ್‌ಗೆ ಯಾವ ಹೊತ್ತಲ್ಲಾದ್ರೂ ಕರೆ ಮಾಡ್ಬಹುದು.

ಇನ್ನೊಂದು ಸಣ್ಣ ವಿಷ್ಯ, ರೇಂಜಿಗೆ ಹೋಗೋ ಬ್ಯಾಗಲ್ಲೇ ಬಟ್ಟೆ ತುಂಬ್ಕೊಂಡು ಊರಿಗೆ ಹೋಗ್ಬೇಡಿ. ಮೂಲೇಲಿ ಒಂದು ತೋಟೆ ಉಳಿದಿದ್ರೂ ನಮ್ಮ ಏರ್‌ಪೋರ್ಟಲ್ಲಿ ಆರ್ಮ್ಸ್ ಆಕ್ಟ್ ಕೇಸ್ ಆಗುತ್ತೆ, ರಜೆ ಪೂರ್ತಿ ಸ್ಟೇಷನ್ ಕೋರ್ಟು ಅಂತ ಅಲೀಬೇಕು.

ಆ ಹುಡುಗ ಶನಿವಾರ ನಮ್ಮನೆಗೆ ಬಂದಿದ್ದ. ಆಫೀಸಿನವರಿಗೆ ಬೇಡ ಅಂದೆ ಅಣ್ಣಾ ಅಂದ, ಮುಖದಲ್ಲಿ ಸ್ವಲ್ಪ ಬೇಜಾರಿತ್ತು. ಊಟ ಆದ ಮೇಲೆ ಬೀರು ತೆಗೆದು 2ಎ1ನ ನಾನೇ ಎತ್ತಿ, ಬೋಲ್ಟ್ ಇಲ್ಲದೇ, ಟೇಬಲ್ ಮೇಲೆ ಬಟ್ಟೆ ಹಾಸಿ ಮಲಗಿಸ್ದೆ. ಮುಟ್ಟೋ ಹಾಗಿಲ್ಲ ಅಂತ ಹೇಳೋಕೂ ಮುಂಚೆ ಅವನೇ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ಬಗ್ಗಿದ. ಟಾರ್ಚ್ ಹಿಡಿದೆ. ಸಿಂಹ, ಆರ್.ಎಫ್.ಐ., 1967, ಒಂದೊಂದೇ ಓದಿದ. ‘ನಮ್ಮ ತಾತ ಆಗ ಮಿಲಿಟ್ರೀಲಿದ್ರು ಅಣ್ಣಾ’ ಅಂದ. ಸುಮಾರು ಹೊತ್ತು ಹಾಗೇ ಬಗ್ಗಿ ನೋಡ್ತಾನೇ ಇದ್ದ, ನಾನು ಟಾರ್ಚ್ ಆರಿಸ್ಲಿಲ್ಲ.

ಇಂತಿ ನಿಮ್ಮ ಓದುಗ,
ಹಾಸನದವನು, ಸದ್ಯ ಒಹಾಯೊ, ಅಮೆರಿಕ